ದೂರದ ಬೆಟ್ಟ, ಹತ್ತಿರದ ಹೊಳೆ

ದೂರದ ಬೆಟ್ಟ ನುಣ್ಣಗೆ ಎಂದು ನಮ್ಮ ಹಿರಿಯರು ಎಚ್ಚರಿಕೆಗಾಗಿ ಹೇಳಿದರು. ನಾವಾದರೋ ಆ ಮಾತನ್ನು ಪ್ರವಾಸದ ಸೂತ್ರವನ್ನಾಗಿಯೇ ಮಾಡಿಕೊಂಡಿದ್ದೇವೆ. ವಿಹಾರವೆಂದರೆ ಕನಿಷ್ಠ ಊಟಿಯಾಗಬೇಕು, ಗೋವಾ ಆಗಬೇಕು. ಕೈಯಲ್ಲಿ ಇನ್ನಷ್ಟು ಹಣವಿದ್ದರೆ ಕಾಶ್ಮೀರವೋ ದುಬೈಯೋ ಆಗಬೇಕು. ಅದಕ್ಕಾಗಿ ವರ್ಷವಿಡೀ ಕೂಡಿಡುತ್ತೇವೆ; ಸಾಲದಿದ್ದರೆ ಕಂತಿನ ಮೇಲೆ ಸಾಲ ತೆಗೆಯುವವರೂ ಉಂಟು. ಐದು ದಿನ ಓಡಾಡಿ, ಆಯಾಸಗೊಂಡು ಮರಳಿ, ಉಳಿದ ಐವತ್ತು ಭಾನುವಾರಗಳನ್ನು ನಾಲ್ಕು ಗೋಡೆಗಳ ನಡುವೆ ಕಳೆಯುತ್ತೇವೆ. ಒಂದೇ ಮನೆಯ ನಾಲ್ವರು ನಾಲ್ಕು ಮೂಲೆಗಳಲ್ಲಿ ನಾಲ್ಕು ಮೊಬೈಲುಗಳ ಮುಂದೆ ಕುಳಿತಿರುವ ಭಾನುವಾರದ ಸಂಜೆಯನ್ನು ಬಣ್ಣಿಸುವ ಅಗತ್ಯವಿಲ್ಲ. ಅದು ಎಲ್ಲರ ಮನೆಯ ಕಥೆ.

ಈ ಮಾತನ್ನು ಈಗಲೇ ಎತ್ತಿಕೊಳ್ಳಲು ಕಾರಣವಿದೆ. ಶರದೃತುವಿನ ಕೊನೆಯ ವಾರಗಳು ನಮ್ಮ ಸೀಮೆಗೆ ನಿಸರ್ಗವು ಕೊಡುವ ಬಿಡುವಿನ ವಾರಗಳು. ನಾಲ್ಕು ತಿಂಗಳು ಬಿಡದೆ ಸುರಿದ ಮಳೆ ಹಿಂದೆ ಸರಿದಿದೆ. ಬೇಸಗೆಯ ಧಗೆ ಬರಲು ಇನ್ನೂ ಬಹಳ ದಿನಗಳಿವೆ. ದೀಪಾವಳಿಯ ಗದ್ದಲ ಮುಗಿದಿದೆ. ಕ್ರಿಸ್ಮಸ್ಸಿನ ಓಡಾಟ ಇನ್ನೂ ಆರಂಭವಾಗಿಲ್ಲ. ಬೆಳಗಿನಲ್ಲಿ ಇಬ್ಬನಿ, ಹತ್ತು ಗಂಟೆಗೆ ಹಿತವಾದ ಬಿಸಿಲು, ಸಂಜೆಗೆ ಚುಮುಚುಮು ಚಳಿ. ಭದ್ರಾ ನಾಲೆಯ ಬಯಲಿನಲ್ಲಿ ಭತ್ತದ ಗದ್ದೆಗಳು ಹಳದಿಗೆ ತಿರುಗಿವೆ. ತೀರ್ಥಹಳ್ಳಿ ರಸ್ತೆಯ ಊರುಗಳಲ್ಲಿ ಅಡಿಕೆ ಕೊಯ್ಲು ಆರಂಭವಾಗಿ, ಅಡಿಕೆ ಬೇಯಿಸುವ ಹಂಡೆಗಳಿಂದ ಚೊಗರಿನ ವಾಸನೆ ದಾರಿಹೋಕರ ಮೂಗಿಗೂ ಬಡಿಯುತ್ತಿದೆ. ಹಿಮಾಲಯದ ಆಚೆಯ ನಾಡುಗಳಿಂದ ಬಾಲ ಕುಣಿಸುತ್ತ ನಡೆಯುವ ಸಿಪಿಲೆ ಹಕ್ಕಿಗಳು ಚಳಿಗಾಲ ಕಳೆಯಲು ನಮ್ಮ ಕೆರೆಯಂಗಳಗಳಿಗೆ ಬಂದಿಳಿಯುವುದೂ ಈ ದಿನಗಳಲ್ಲಿಯೇ. ಸಾವಿರಾರು ಮೈಲಿ ಹಾರಿ ಅವು ಹುಡುಕಿಕೊಂಡು ಬರುವ ನೆಲದಲ್ಲಿ ಕುಳಿತು ನಾವು, 'ನಮ್ಮೂರಿನಲ್ಲಿ ನೋಡುವುದಕ್ಕೆ ಏನಿದೆ?' ಎಂದು ಕೇಳುತ್ತಿದ್ದೇವೆ.

2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ ತಿಂಗಳ ಕೊನೆಯಲ್ಲಿ ಮೊದಲ ವಿಮಾನ ಬಂದಿಳಿಯಿತು. ಅದು ಸಂತೋಷದ ಸಂಗತಿಯೇ. ಆದರೆ ದೂರವು ಹತ್ತಿರವಾದಂತೆಲ್ಲ ಹತ್ತಿರವು ದೂರವಾಗುತ್ತಿರುವುದನ್ನೂ ಗಮನಿಸಬೇಕು. ಬೆಂಗಳೂರಿನ ಮಾಲುಗಳ ಹೆಸರನ್ನು ಒಂದೊಂದಾಗಿ ಹೇಳಬಲ್ಲ ನಮ್ಮ ಮಕ್ಕಳಲ್ಲಿ ಕೂಡಲಿಯನ್ನು ಕಂಡವರು ಎಷ್ಟು ಮಂದಿ? ಮನೆಯ ಹತ್ತಿರದ ಸಣ್ಣ ಸಂತೋಷಗಳನ್ನು ಬಡವರ ಪಾಲಿನ ಪರ್ಯಾಯವೆಂದು ತಿಳಿಯುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಅವು ಒಂದು ಊರನ್ನು ನಮ್ಮ ಊರನ್ನಾಗಿ ಮಾಡುವ ಸಾಧನಗಳು. ನೋಡದ ಊರನ್ನು ಪ್ರೀತಿಸುವುದು ಕಷ್ಟ. ಪ್ರೀತಿಸದ ಊರನ್ನು ಕಾಪಾಡಲು ಯಾರೂ ಮುಂದೆ ಬರುವುದಿಲ್ಲ.

ಕೂಡಲಿಯಿಂದಲೇ ಆರಂಭಿಸೋಣ. ಶಿವಮೊಗ್ಗದಿಂದ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿರುವ ಈ ಸಣ್ಣ ಊರಿನಲ್ಲಿ ತುಂಗೆ ಮತ್ತು ಭದ್ರೆ ಒಂದಾಗುತ್ತವೆ. ಎರಡೂ ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಹುಟ್ಟಿದ ಕೂಡಲೇ ಅಗಲಿ ಒಂದು ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗಗಳನ್ನು ನೋಡಿ ಬರುತ್ತದೆ; ಇನ್ನೊಂದು ಕಳಸ, ಬಾಳೆಹೊನ್ನೂರು, ಭದ್ರಾವತಿಗಳನ್ನು ಹಾದು ಬರುತ್ತದೆ. ತವರಿನಿಂದ ಬೇರೆ ಬೇರೆ ಮನೆ ಸೇರಿದ ಅಕ್ಕತಂಗಿಯರು ಬಹುಕಾಲದ ಮೇಲೆ ಭೇಟಿಯಾದಂತೆ ಕೂಡಲಿಯಲ್ಲಿ ಕೈಹಿಡಿಯುತ್ತವೆ. ಹಂಪಿಯ ಬಂಡೆಗಳ ನಡುವೆ ಹರಿದ, ವಿಜಯನಗರದ ಚರಿತ್ರೆಗೆ ಸಾಕ್ಷಿಯಾದ, ಹೊಸಪೇಟೆಯ ಅಣೆಕಟ್ಟಿನಿಂದ ಲಕ್ಷಾಂತರ ಎಕರೆಗೆ ನೀರುಣಿಸುವ ತುಂಗಭದ್ರೆ ಎಂಬ ಹೆಸರು ಹುಟ್ಟುವುದು ಇಲ್ಲಿಯೇ, ನಮ್ಮದೇ ತಾಲ್ಲೂಕಿನಲ್ಲಿ. ಶಾಲೆಯ ಭೂಪಟದಲ್ಲಿ ಆ ನದಿಯನ್ನು ನೀಲಿ ಗೆರೆಯಾಗಿ ಬರೆದು ಅಂಕ ಗಳಿಸುವ ಮಕ್ಕಳಿಗೆ ಅದು ಹುಟ್ಟುವ ಜಾಗವನ್ನು ತೋರಿಸಲು ಅರ್ಧ ದಿನ ಸಾಕು.

ಕೂಡಲಿಗೆ ಹೋಗಲು ಈಗಿನಷ್ಟು ಒಳ್ಳೆಯ ಕಾಲ ಬೇರೊಂದಿಲ್ಲ. ಮಳೆಗಾಲದಲ್ಲಿ ಎರಡೂ ಹೊಳೆಗಳು ಕೆಮ್ಮಣ್ಣಿನ ರಾಡಿಯಾಗಿ ಒಂದನ್ನೊಂದು ನೂಕಾಡುತ್ತವೆ, ಬೇಸಗೆಯಲ್ಲಿ ಸೊರಗಿರುತ್ತವೆ. ಕಾರ್ತಿಕದ ಹೊತ್ತಿಗೆ ನೀರು ತಿಳಿಯಾಗಿ, ಇಳಿದು, ದಡದ ಕಲ್ಲುಗಳು ತಲೆಯೆತ್ತಿರುತ್ತವೆ. ಸಂಗಮದಲ್ಲಿ ಪುಟ್ಟ ನಂದಿಯ ಗುಡಿ, ದಡದಲ್ಲಿ ಸಂಗಮೇಶ್ವರ ಹಾಗೂ ಹೊಯ್ಸಳ ಶೈಲಿಯ ರಾಮೇಶ್ವರ ದೇವಾಲಯಗಳು, ಹಳೆಯ ಮಠಗಳು. ಯಾವ ಧರ್ಮದವರೇ ಆಗಲಿ, ಹೆಸರನ್ನು ಕೂಡ ಬಿಟ್ಟುಹೋಗದ ಆ ಶಿಲ್ಪಿಗಳ ಕೈಚಳಕಕ್ಕೆ ತಲೆದೂಗಲು ಅಡ್ಡಿಯೇನಿಲ್ಲ. ನೆರೆಯವನು ಪವಿತ್ರವೆಂದು ಕಾಣುವುದನ್ನು ಗೌರವದಿಂದ ಕಾಣಲು ಕಲಿಯುವುದೂ ವಿಹಾರದ ಒಂದು ಪಾಠವೇ.

ಭದ್ರಾವತಿಯವರ ಮುಂದೆ ಈ ಮಾತನ್ನಾಡುವಾಗ ತುಸು ಅಳುಕಾಗುತ್ತದೆ. ಹಿಂದೆ ಬೆಂಕಿಪುರವೆಂದು ಕರೆಸಿಕೊಂಡಿದ್ದ ಆ ಊರಿನಲ್ಲಿ 1918ರಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ಕೈಹಾಕಿತು. 1923ರಲ್ಲಿ ಕುಲುಮೆ ಉರಿಯತೊಡಗಿತು. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿ ಅದರ ಹಿಂದಿತ್ತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಇದ್ದಿಲು, ಭದ್ರೆಯ ನೀರು ಸೇರಿ ಕಬ್ಬಿಣವಾಯಿತು. 1936ರಲ್ಲಿ ಕಾಗದ ಕಾರ್ಖಾನೆಯೂ ಸ್ಥಾಪನೆಯಾಯಿತು. ನಾಡಿನ ಪತ್ರಿಕೆಗಳು ಒಂದು ಕಾಲದಲ್ಲಿ ಅಲ್ಲಿಯ ಕಾಗದದ ಮೇಲೆ ಅಚ್ಚಾಗುತ್ತಿದ್ದವು. ಕನ್ನಡ, ತಮಿಳು, ತೆಲುಗು, ಮಲಯಾಳ, ತುಳು, ಕೊಂಕಣಿ, ಉರ್ದು ಆಡುವ ಕುಟುಂಬಗಳು ಬಂದು ನೆಲೆಸಿ, ಅಲ್ಲಿ ಒಂದು ಸಣ್ಣ ಭಾರತವೇ ಬೆಳೆಯಿತು. ಇಂದು ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಕಳೆದಿವೆ. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾದಾಗ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತರು. ಕೆಲಸದ ಚಿಂತೆಯಲ್ಲಿರುವವನ ಬಳಿ ವಿಹಾರದ ಮಾತೇ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ.

ಆದರೂ ಕೇಳಬೇಕಾದ ಮಾತು ಇದೇ. ಸಂಬಳ ಕಡಿಮೆಯಾದ ಮನೆಯಲ್ಲಿ ಮೊದಲು ಕತ್ತರಿ ಬೀಳುವುದು ಸಂತೋಷಕ್ಕೆ. ಸಂತೋಷವೆಂದರೆ ಸಾವಿರಾರು ರೂಪಾಯಿಯ ಪ್ರವಾಸವೆಂದೇ ಒಪ್ಪಿಕೊಂಡುಬಿಟ್ಟರೆ ಅಂತಹ ಮನೆಗೆ ಉಳಿಯುವುದು ಕೊರಗೊಂದೇ. ಭದ್ರಾವತಿಯ ಹಳೆಯ ಊರಿನಲ್ಲಿ 13ನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವಿದೆ. ನಕ್ಷತ್ರಾಕಾರದ ಜಗತಿ, ಮೂರು ಗರ್ಭಗುಡಿ, ನುಣುಪಾದ ಕಂಬಗಳು. ಬೇಲೂರು ಹಳೇಬೀಡಿಗೆ ಬಸ್ಸು ಮಾಡಿಕೊಂಡು ಹೋಗುವವರು ಅದೇ ಶೈಲಿಯ ಕೆಲಸವನ್ನು ನಡೆದುಹೋಗುವಷ್ಟು ದೂರದಲ್ಲಿ ಇಟ್ಟುಕೊಂಡಿದ್ದಾರೆ. ಇತ್ತ ಲಕ್ಕವಳ್ಳಿಯ ದಾರಿ ಹಿಡಿದರೆ, 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟವನ್ನು ದಾಟಿ ಭದ್ರಾ ಜಲಾಶಯಕ್ಕೆ ತಲುಪಬಹುದು. ಜಲಾಶಯ 186 ಅಡಿ ಮುಟ್ಟಿತೇ ಎಂದು ಪ್ರತಿದಿನ ಪತ್ರಿಕೆಯಲ್ಲಿ ನೋಡುವ ನಾವು, ಆ ಅಂಕಿಯ ಹಿಂದಿರುವ ನೀರಿನ ಹರವನ್ನೂ ಅದರಾಚೆಯ ನೀಲಿ ಬೆಟ್ಟಗಳನ್ನೂ ಒಂದು ಸಂಜೆ ಕಣ್ಣಾರೆ ಕಂಡರೆ ನಷ್ಟವೇನು? ಬಸ್ಸಿನ ದರ, ಒಂದು ಚೀಲ ಮಂಡಕ್ಕಿ, ಒಂದು ಪ್ಲಾಸ್ಕು ಚಹಾ; ಖರ್ಚು ಇಷ್ಟೇ.

ವಿಹಾರವೆಂಬುದು ಪೇಟೆಯವರ ಖಯಾಲಿ, ನಮ್ಮ ಸಂಸ್ಕೃತಿಯಲ್ಲಿ ಇಲ್ಲದ್ದು ಎಂದು ಕೆಲವರು ಹೇಳುವುದುಂಟು. ಈ ಮಾತು ನಿಜವಲ್ಲ. ಮಲೆನಾಡಿನ ಭೂಮಿ ಹುಣ್ಣಿಮೆಯನ್ನು ನೆನಪಿಸಿಕೊಳ್ಳಿ. ಬಸುರಿಯಾದ ಪೈರಿಗೆ ಬಯಕೆಯೂಟ ಬಡಿಸಲು ರೈತನ ಮನೆಮಂದಿಯೆಲ್ಲ ಚಿತ್ತಾರದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ನಡೆಯುತ್ತಾರೆ. ನೆಲಕ್ಕೆ ಎಡೆಯಿಟ್ಟು, ಕಾಗೆ ಗುಬ್ಬಿಗಳ ಪಾಲು ತೆಗೆದಿಟ್ಟು, ಗದ್ದೆಯ ಬದುವಿನಲ್ಲೇ ಎಲೆ ಹಾಕಿ ಉಣ್ಣುತ್ತಾರೆ. ಕಾರ್ತಿಕ ಮಾಸದಲ್ಲಿ ನೆಲ್ಲಿಯ ಮರದ ಕೆಳಗೆ ವನಭೋಜನ ಮಾಡುವ ಪದ್ಧತಿ ಅನೇಕ ಮನೆಗಳಲ್ಲಿ ಇನ್ನೂ ಇದೆ. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಕುಟುಂಬಗಳು ಸೆಪ್ಟೆಂಬರಿನಲ್ಲಿ ಹೊಸ ತೆನೆಯನ್ನು ಮನೆಗೆ ತಂದು ಒಟ್ಟಾಗಿ ಕುಳಿತು ಉಣ್ಣುವುದರಲ್ಲಿಯೂ ಅದೇ ಭಾವವಿದೆ. ವರ್ಷದ ಈ ಕಾಲದಲ್ಲಿ ಮನೆಯಿಂದ ಹೊರಬಂದು, ತಮಗೆ ಅನ್ನ ಕೊಡುವ ನೆಲವನ್ನು ನೋಡಿ, ಅದರ ಮಡಿಲಿನಲ್ಲಿ ಕುಳಿತು ಉಂಡು ಬರಬೇಕೆಂದು ಹಿರಿಯರು ಕಟ್ಟಳೆಯನ್ನೇ ಮಾಡಿದ್ದರು. ಅವರು ಹೋದದ್ದು ಬಹು ದೂರವೇನಲ್ಲ; ಮನೆಯ ಮುಂದಿನ ಗದ್ದೆಗೆ, ಊರಿನ ಹೊರಗಿನ ತೋಪಿಗೆ.

ಕಾಣುವ ಕಣ್ಣಿದ್ದರೆ ಹತ್ತಿರದ ಒಂದು ಕಲ್ಲೂ ಸಾಕು ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ಕುಪ್ಪಳಿಯ ಮನೆಯ ಹಿಂದಿನ ಗುಡ್ಡದ ಹಾಸುಬಂಡೆ ಕುವೆಂಪು ಅವರ ಪಾಲಿಗೆ ಕವಿಶೈಲವಾಯಿತು. ಜಗತ್ತಿನ ದೊಡ್ಡ ಕವಿಗಳನ್ನೆಲ್ಲ ಓದಿದ ಅವರು ಬರೆಯಲು ಕುಳಿತಾಗ ಮತ್ತೆ ಮತ್ತೆ ಮರಳಿದ್ದು ತಾವು ಹುಡುಗರಾಗಿದ್ದಾಗ ಅಲೆದಾಡಿದ ಕಾಡಿಗೆ, ಮಳೆಗೆ, ಹಕ್ಕಿಯ ಕೂಗಿಗೆ.

ಶಿವಮೊಗ್ಗದವರಿಗಂತೂ ಆಯ್ಕೆಗೆ ಕೊರತೆಯಿಲ್ಲ. ಸಕ್ರೆಬೈಲಿನ ಬಿಡಾರದಲ್ಲಿ ಬೆಳಗಿನ ಹೊತ್ತು ಆನೆಗಳ ಮಜ್ಜನವನ್ನು ನೋಡಬಹುದು. ರಾತ್ರಿಯೆಲ್ಲ ಕಾಡಿನಲ್ಲಿ ಮೇದ ಆನೆಗಳನ್ನು ಮುಂಜಾನೆ ಹುಡುಕಿ ಕರೆತಂದು, ತುಂಗೆಯ ಹಿನ್ನೀರಿನಲ್ಲಿ ಮಲಗಿಸಿ ಉಜ್ಜುವ ಮಾವುತ ಕಾವಾಡಿಗರ ಬದುಕು ಒಂದು ಪಾಠಕ್ಕೆ ಸಮಾನ. ಅಲ್ಲಿಂದ ಮುಂದಿನ ಮಂಡಗದ್ದೆಯ ಹಕ್ಕಿಗಳು ಮಳೆಗಾಲದ ಅತಿಥಿಗಳು. ಅವನ್ನು ನೋಡಲು ಬರುವ ವರ್ಷ ಬೇಗನೆ ಹೊರಡಬೇಕು. ತ್ಯಾವರೆಕೊಪ್ಪದ ಹುಲಿ ಸಿಂಹಗಳ ಧಾಮ ಮಕ್ಕಳಿಗೆ ಗೊತ್ತೇ ಇದೆ. ಆದರೆ ಊರೊಳಗಿರುವ, ಶಿವಪ್ಪ ನಾಯಕನ ಹೆಸರಿನ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋದವರು ಕಡಿಮೆ. ಅದರ ಅಂಗಳದಲ್ಲಿ ನಿಂತಿರುವ ವೀರಗಲ್ಲುಗಳ ಮೇಲೆ, ದನ ಕಾಯಲು ಹೋರಾಡಿ ಮಡಿದ, ಊರನ್ನು ಉಳಿಸಲು ಪ್ರಾಣ ಕೊಟ್ಟ ಸಾಮಾನ್ಯರ ಕಥೆಗಳಿವೆ. ನಮ್ಮ ಸೇಕ್ರೆಡ್ ಹಾರ್ಟ್ ಪ್ರಧಾನಾಲಯದ ವಿಶಾಲವಾದ ಒಳಾಂಗಣವನ್ನು ನೋಡಲು ಹೊರ ಜಿಲ್ಲೆಗಳಿಂದ ಬರುವವರು ಕತ್ತೆತ್ತಿ ಬೆರಗಾಗುತ್ತಾರೆ. ವಾರವಾರವೂ ಒಳಗೆ ಹೋಗಿ ಬರುವ ನಮ್ಮಲ್ಲಿ ಆ ಕಮಾನುಗಳನ್ನು ಒಮ್ಮೆ ನಿಂತು ನೋಡಿದವರು ಎಷ್ಟು ಮಂದಿಯೋ! ಹಿತ್ತಲ ಗಿಡ ಮದ್ದಲ್ಲ ಎಂಬುದು ಎಲ್ಲಕ್ಕೂ ಅನ್ವಯಿಸುವ ಮಾತು.

ಹೀಗೆಂದ ಮಾತ್ರಕ್ಕೆ ದೂರದ ಪ್ರಯಾಣವೇ ಬೇಡವೆಂದು ನಾವು ಹೇಳುತ್ತಿಲ್ಲ. ದೇಶ ಸುತ್ತಬೇಕು, ಕೋಶ ಓದಬೇಕು; ಬೇರೆ ಜನರನ್ನು ಕಂಡಾಗ ಮನಸ್ಸು ವಿಶಾಲವಾಗುತ್ತದೆ. ಆದರೆ ದೂರದ ಪ್ರವಾಸ ವರ್ಷಕ್ಕೊಮ್ಮೆ ಬರುವ ಹಬ್ಬದೂಟವಿದ್ದಂತೆ. ದಿನನಿತ್ಯದ ಅನ್ನದ ಜಾಗವನ್ನು ಅದು ತುಂಬಲಾರದು. ಇನ್ನೊಂದು ಭೇದವೂ ಉಂಟು. ದೂರದ ಊರಿನಲ್ಲಿ ನಾವು ಗಿರಾಕಿಗಳು. ಹಣ ಕೊಟ್ಟು, ನೋಡಿ, ಫೋಟೋ ತೆಗೆದು ಬರುತ್ತೇವೆ. ಅಲ್ಲಿಯ ಹೊಳೆ ಕೆಟ್ಟರೆ ಮುಂದಿನ ವರ್ಷ ಬೇರೊಂದು ಊರಿಗೆ ಹೋಗುತ್ತೇವೆ. ನಮ್ಮ ಊರಿನ ಹೊಳೆ ಕೆಟ್ಟರೆ ಹೋಗಲು ಬೇರೆ ಜಾಗವಿಲ್ಲ.

ಈ ಸಣ್ಣ ವಿಹಾರಗಳು ಯಾರಿಗೆ ಹೆಚ್ಚು ಬೇಕು ಎಂಬುದನ್ನೂ ಯೋಚಿಸಬೇಕು. ಮಕ್ಕಳೆಲ್ಲ ಬೆಂಗಳೂರನ್ನೋ ಹೊರದೇಶವನ್ನೋ ಸೇರಿ, ಮನೆಯಲ್ಲಿ ಇಬ್ಬರೇ ಉಳಿದ, ಕೆಲವೊಮ್ಮೆ ಒಬ್ಬರೇ ಉಳಿದ ಹಿರಿಯರು ನಮ್ಮ ಎರಡೂ ಊರುಗಳ ಬೀದಿಬೀದಿಯಲ್ಲಿದ್ದಾರೆ. ಕಾಶ್ಮೀರ ಅವರ ಕೈಗೆ ನಿಲುಕದು, ಮೊಣಕಾಲು ಒಪ್ಪುವುದಿಲ್ಲ. ಆದರೆ ಗಾಜನೂರಿನ ನೀರಿನ ದಡದಲ್ಲಿ ಒಂದು ಗಂಟೆ ಬಿಸಿಲು ಕಾಯಿಸಿಕೊಂಡು ಬರಬಲ್ಲರು. ಭಾನುವಾರದ ಪೂಜೆ ಮುಗಿದ ಮೇಲೆ, ಕಾರಿನಲ್ಲಿ ಖಾಲಿ ಇರುವ ಒಂದು ಸೀಟಿಗೆ ಪಕ್ಕದ ಮನೆಯ ಅಜ್ಜಿಯನ್ನು ಕರೆದುಕೊಂಡು ಹೊರಟರೆ ಅದು ಆ ಹಿರಿಯ ಜೀವಕ್ಕೆ ವರ್ಷದ ಹಬ್ಬವಾಗಬಹುದು. ಹಾಗೆಯೇ, ಹೊರಗೆ ಹೋಗೋಣವೆಂದ ಕೂಡಲೇ ಮನೆಯ ತಾಯಿ ಮುಂಜಾನೆ ನಾಲ್ಕಕ್ಕೆ ಎದ್ದು ಚಿತ್ರಾನ್ನ, ಮೊಸರನ್ನ, ಪಲ್ಯಗಳ ಬುತ್ತಿ ಕಟ್ಟಿ, ಅಲ್ಲಿ ಬಡಿಸಿ, ಮರಳಿ ಬಂದು ಪಾತ್ರೆ ತೊಳೆಯುವುದಾದರೆ ಅದು ಅವಳಿಗೆ ವಿಹಾರವಲ್ಲ, ಹೆಚ್ಚುವರಿ ದುಡಿಮೆ. ಬುತ್ತಿ ಕಟ್ಟುವಾಗ ಗಂಡಸರ ಕೈಯೂ ಸೇರಲಿ. ಹೊಳೆಯ ದಡದಲ್ಲಿ ಆ ತಾಯಿಯೂ ಸುಮ್ಮನೆ ಕುಳಿತು ನೀರನ್ನು ನೋಡುವಂತಾಗಲಿ.

ಇನ್ನು ಹೊಳೆಯ ಮಾತು. ಗಂಗಾ ಸ್ನಾನ, ತುಂಗಾ ಪಾನ ಎಂಬುದು ನಾಡೆಲ್ಲ ಬಲ್ಲ ನಾಣ್ಣುಡಿ. ಇಂದು ಶಿವಮೊಗ್ಗದ ಸೇತುವೆಯ ಕೆಳಗೆ ಇಳಿದು ಬೊಗಸೆ ನೀರು ಕುಡಿಯಲು ಧೈರ್ಯವಿರುವವರು ಯಾರು? ಊರಿನ ಚರಂಡಿಯ ನೀರು ಹೊಳೆಗೆ ಸೇರುತ್ತಿದೆ. ಪ್ಲಾಸ್ಟಿಕ್ ಚೀಲಗಳು ದಡದ ಗಿಡಗಳಿಗೆ ನೇತಾಡುತ್ತಿವೆ. ಮಳೆಗಾಲದಲ್ಲಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೆಂದರೆ ಊರಿಗೆ ಊರೇ ಹೊಳೆ ನೋಡಲು ಹೊರಡುತ್ತದೆ. ಅದೇ ಮಂಟಪ ನೀರಿನಿಂದ ಮೇಲೆದ್ದು, ಅದರೊಂದಿಗೆ ನಾವು ಎಸೆದ ಕಸವೂ ಮೇಲೆದ್ದಾಗ ನೋಡಲು ಬರುವವರಿಲ್ಲ. ಹೊಳೆಯನ್ನು ಅದರ ಕೋಪದ ದಿನಗಳಲ್ಲಿ ಮಾತ್ರ ನೋಡುವವರಿಗೆ ಅದರ ಕಾಯಿಲೆ ಕಾಣುವುದು ಹೇಗೆ? 2024ರ ನವೆಂಬರಿನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಶೃಂಗೇರಿಯಿಂದ ಹೊರಟು ನದಿಯ ಜಾಡಿನಲ್ಲಿಯೇ ಸಾಗಿತು. ಆ ಯಾತ್ರಿಕರು ಮಾಡಿದ್ದು ಮೂಲತಃ ಸರಳವಾದ ಕೆಲಸ: ನದಿಯ ಪಕ್ಕದಲ್ಲಿ ನಡೆದು, ಅದನ್ನು ಕಣ್ಣು ಬಿಟ್ಟು ನೋಡಿದರು, ಕಂಡದ್ದನ್ನು ಜನರಿಗೆ ಹೇಳಿದರು. ವಾರಕ್ಕೊಮ್ಮೆ ಹೊಳೆಯ ದಡದಲ್ಲಿ ನಡೆಯುವ ನೂರು ಕುಟುಂಬಗಳಿದ್ದರೆ ಚರಂಡಿಯ ಒಂದು ಕೊಳವೆ ಹೊಳೆಯತ್ತ ತಿರುಗುವ ಮೊದಲೇ ನೂರು ದನಿಗಳು ಕೇಳಿಸುತ್ತವೆ.

ಆಡಳಿತದವರಿಗೂ ನಮ್ಮ ವಿನಂತಿಯಿದೆ. ನಾವು ಕೇಳುವುದು ಕೋಟಿಗಟ್ಟಲೆಯ ಉದ್ಯಾನಗಳನ್ನಲ್ಲ. ಕೂಡಲಿಗೂ ಭದ್ರಾ ಜಲಾಶಯಕ್ಕೂ ಭಾನುವಾರಗಳಂದು ಹೆಚ್ಚುವರಿ ಬಸ್ಸು ಓಡಲಿ. ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಬಳಸಬಹುದಾದ ಶೌಚಾಲಯ, ಕುಡಿಯುವ ನೀರು, ಕಸದ ತೊಟ್ಟಿ ಇರಲಿ. ನೀರಿನ ಸೆಳೆತವಿರುವ ಜಾಗಗಳಲ್ಲಿ ಎಚ್ಚರಿಕೆಯ ಫಲಕವೂ ಕಾವಲುಗಾರನೂ ಇರಲಿ. ತಿಳಿಯಾಗಿ ಕಾಣುವ ಹೊಳೆಯಲ್ಲಿಯೂ ಬಂಡೆಗಳ ನಡುವಿನ ಮಡುಗಳು ಕಣ್ಣಿಗೆ ಬೀಳುವುದಿಲ್ಲ. ಪೋಷಕರು ಮಕ್ಕಳನ್ನು ದಡದಲ್ಲಿಯೇ ನಿಲ್ಲಿಸಿಕೊಳ್ಳಬೇಕು. ಶಾಲೆಗಳು ವರ್ಷಕ್ಕೊಂದು ದೂರದ ಪ್ರವಾಸ ಮಾಡುವ ಜೊತೆಗೆ, ಹಣ ಕೊಡಲಾಗದ ಮಕ್ಕಳೂ ಹಿಂದುಳಿಯದಂತೆ ಒಂದು ಹತ್ತಿರದ ಹೊರಸಂಚಾರವನ್ನು ಇಟ್ಟುಕೊಂಡರೆ ಒಳ್ಳೆಯದು. ನಮ್ಮ ಧರ್ಮಕೇಂದ್ರಗಳ ಯುವಕ ಯುವತಿಯರು ಹಿರಿಯರನ್ನು ಜೊತೆಗೆ ಕರೆದೊಯ್ಯುವ ಹೊಣೆ ಹೊರಬಹುದು. ಮರಳುವಾಗ ತಾವು ತಂದ ಕಸದ ಜೊತೆಗೆ ಬೇರೆಯವರು ಬಿಟ್ಟ ಒಂದಿಷ್ಟು ಕಸವನ್ನೂ ಚೀಲದಲ್ಲಿ ತುಂಬಿಕೊಂಡು ಬಂದರೆ ವಿಹಾರದ ಋಣ ತೀರಿಸಿದಂತಾಗುತ್ತದೆ.

ಬೀರೂರಿನಿಂದ ಶಿವಮೊಗ್ಗಕ್ಕೆ ಬರುವ ರೈಲು ಭದ್ರೆಯನ್ನೂ ತುಂಗೆಯನ್ನೂ ದಾಟಿಯೇ ಬರಬೇಕು. ಎರಡು ನಗರಗಳು, ಎರಡು ಹೊಳೆಗಳು, ನಡುವೆ ಇಪ್ಪತ್ತು ಕಿಲೋಮೀಟರಿಗಿಂತ ಹೆಚ್ಚಿಲ್ಲದ ದಾರಿ. ಇಷ್ಟು ಸಿರಿಯನ್ನು ಇಷ್ಟು ಹತ್ತಿರದಲ್ಲಿ ಪಡೆದ ಊರುಗಳು ನಾಡಿನಲ್ಲಿ ಹೆಚ್ಚಿಲ್ಲ. ಮುಂದಿನ ಭಾನುವಾರ ಬಿಸಿಲು ಏರುವ ಮೊದಲೇ ಹೊರಡೋಣ. ಇನ್ನು ಕೆಲವೇ ವಾರಗಳಲ್ಲಿ ಗದ್ದೆಯ ಕೊಯ್ಲು ಮುಗಿದು ಹೊಲ ಬರಿದಾಗುತ್ತದೆ. ಹೊಳೆಯ ನೀರು ಮತ್ತಷ್ಟು ಇಳಿಯುತ್ತದೆ. ದೂರದ ಬೆಟ್ಟ ಎಲ್ಲಿಯೂ ಓಡಿಹೋಗುವುದಿಲ್ಲ. ಅದನ್ನು ಇನ್ನೊಂದು ವರ್ಷ ನೋಡಬಹುದು.